ಹೋಬಳಿಯ ಶಾಲೆಗಳೂ ಗ್ರಾಂಟಿನ ಕಾಲವೂ

ನಮ್ಮ ಜಿಲ್ಲೆಯ ಶಾಲೆಗಳು ಜೂನ್ ತಿಂಗಳ ಆರಂಭದ ಹೊತ್ತಿಗೆ ಬಾಗಿಲು ತೆರೆಯುತ್ತವೆ. ಆ ಶಾಲೆಗಳಲ್ಲಿ ಸೀಮೆಸುಣ್ಣ, ನಕಾಶೆ, ಅಕ್ಷರದ ಚೀಟಿ, ಓದುವ ಪುಸ್ತಕ ಮೊದಲಾದವು ಇರಲೆಂದು ಸರಕಾರವು ದಯಪಾಲಿಸುವ ಹಣವು ಅನೇಕ ಸಲ ದೀಪಾವಳಿ ಕಳೆದ ಮೇಲೆ ಬರುತ್ತದೆ. ಕೆಲವು ಸಲ ಶಿವರಾತ್ರಿಯೂ ಕಳೆದಿರುತ್ತದೆ. ಬಂದ ಹಣವನ್ನು ಮಾರ್ಚ್ 31ರೊಳಗಾಗಿ ವೆಚ್ಚಮಾಡಿ ಲೆಕ್ಕ ಒಪ್ಪಿಸತಕ್ಕದ್ದು. ಏಪ್ರಿಲ್ ತಿಂಗಳ ಎರಡನೆಯ ವಾರಕ್ಕೆ ಮಕ್ಕಳಿಗೆ ಬೇಸಿಗೆಯ ಸೂಟಿ. ಹೀಗಿರಲು ಈ ಗ್ರಾಂಟಿನಿಂದ ಪ್ರಯೋಜನ ಪಡೆಯುವವರು ಮಕ್ಕಳೋ ಅಥವಾ ಲೆಕ್ಕದ ಪುಸ್ತಕವೋ ಎಂಬ ಪ್ರಶ್ನೆಯನ್ನು ನಾವು ಕೇಳಬೇಕಾಗಿ ಬಂದಿದೆ. ಗ್ರಾಂಟು ಕಡಿಮೆಯಾಯಿತೆಂಬ ಕೂಗು ಎಲ್ಲೆಡೆಯಲ್ಲಿಯೂ ಕೇಳಿಬರುತ್ತದೆ; ಅದು ಸುಳ್ಳೂ ಅಲ್ಲ. ಆದರೆ ಮೊತ್ತದ ವಿಚಾರಕ್ಕಿಂತ ಕಾಲದ ವಿಚಾರವೇ ಹೆಚ್ಚು ಘಾತಕವಾದದ್ದೆಂದು ನಮ್ಮ ಅಭಿಪ್ರಾಯವಾಗಿದೆ.

ಮಾನ್ವಿ ತಾಲೂಕಿನ ಕುರ್ಡಿ ಹೋಬಳಿಯನ್ನು ದೃಷ್ಟಾಂತಕ್ಕಾಗಿ ತೆಗೆದುಕೊಳ್ಳುವೆವು. ಕುರ್ಡಿಯ ಹೆಸರನ್ನು ಎತ್ತುವುದಕ್ಕೆ ಅಲ್ಲಿಯ ಶಾಲೆಗಳಲ್ಲಿ ಏನಾದರೂ ವಿಶೇಷವಾದ ದೋಷವಿದೆಯೆಂಬುದು ಕಾರಣವಲ್ಲ. ರಾಯಚೂರು, ದೇವದುರ್ಗ, ಮಾನ್ವಿಗಳ ಸೀಮೆಯಲ್ಲಿ ಯಾವ ಹಳ್ಳಿಯ ಮೇಲೆ ಬೆರಳಿಟ್ಟರೂ ಕಥೆಯು ಒಂದೇ ಆಗಿರುವುದರಿಂದ, ಒಂದು ಹೆಸರು ಸಾಕೆಂದು ಹೇಳಿದೆವು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಒಪ್ಪಿಸಿದ ವರದಿಯಲ್ಲಿ ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದು ಎಣಿಸಿ, ಅವುಗಳೊಳಗೆ 39ನ್ನು ಅತ್ಯಂತ ಹಿಂದುಳಿದವೆಂದು ಬೇರ್ಪಡಿಸಿತು. ಮಾನ್ವಿ, ದೇವದುರ್ಗಗಳೆರಡೂ ಆ 39ರಲ್ಲಿ ಸೇರಿದುವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆಯು ನೂರಕ್ಕೆ 75ನ್ನು ದಾಟಿದ್ದಾಗ ರಾಯಚೂರು ಜಿಲ್ಲೆಯದು 60ನ್ನು ಮುಟ್ಟಿರಲಿಲ್ಲ. ಹೆಣ್ಣುಮಕ್ಕಳಲ್ಲಿ ಅದು 49ಕ್ಕೂ ಕಡಿಮೆ. ಎಂದರೆ ಜಿಲ್ಲೆಯ ತಾಯಂದಿರಲ್ಲಿ ಅರ್ಧದಷ್ಟು ಮಂದಿಗೆ ಮಗುವಿನ ಪಾಟಿಯ ಮೇಲೆ ಏನು ಬರೆದಿದೆಯೆಂಬುದು ತಿಳಿಯದು. ಮನೆಯಲ್ಲಿ ಕಲಿಸುವವರಿಲ್ಲದ ಇಂಥ ಮಗುವಿಗೆ ಶಾಲೆಯ ಗೋಡೆಯ ಮೇಲಿನ ಒಂದು ನಕಾಶೆಯೂ ಮೂಲೆಯಲ್ಲಿಟ್ಟ ನಾಲ್ಕು ಕಥೆಯ ಪುಸ್ತಕಗಳೂ ಎಂಥ ಸಂಪತ್ತೆಂಬುದನ್ನು ಪಟ್ಟಣದ ವಾಚಕರು ಊಹಿಸಿಕೊಳ್ಳಬೇಕು.

ಹಾಗಾದರೆ ಸರಕಾರವು ಏನನ್ನು ಕೊಡುತ್ತದೆ? 2018ರಲ್ಲಿ ಮೂರು ಯೋಜನೆಗಳನ್ನು ಕೂಡಿಸಿ ಸಮಗ್ರ ಶಿಕ್ಷಾ ಎಂಬ ಒಂದೇ ಯೋಜನೆಯನ್ನು ಮಾಡಲಾಯಿತು. ಅದರ ವೆಚ್ಚದಲ್ಲಿ ನೂರಕ್ಕೆ 60 ಭಾಗ ಕೇಂದ್ರದ್ದು, 40 ಭಾಗ ರಾಜ್ಯದ್ದು. 2021ರಲ್ಲಿ ಪರಿಷ್ಕರಿಸಿದ ನಿಯಮದ ಮೇರೆಗೆ ಶಾಲೆಗೆ ಕೊಡುವ ಸಂಯುಕ್ತ ಗ್ರಾಂಟು ಮಕ್ಕಳ ತಲೆಯೆಣಿಕೆಯನ್ನು ಅವಲಂಬಿಸಿರುತ್ತದೆ: 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲ್ಪಟ್ಟರೆ ಒಂದು ಲಕ್ಷ. ಇದರಲ್ಲಿ ಹತ್ತನೆಯ ಒಂದು ಭಾಗವನ್ನಾದರೂ ಶುಚಿತ್ವದ ಕೆಲಸಕ್ಕೆ ತೆಗೆದಿಡಬೇಕು. ಕುರ್ಡಿಯಂಥ ಊರಿನ ಶಾಲೆಯೊಂದರಲ್ಲಿ 120 ಮಕ್ಕಳಿದ್ದಾರೆಂದು ಇಟ್ಟುಕೊಳ್ಳೋಣ. 50,000ದಲ್ಲಿ ಶುಚಿತ್ವಕ್ಕೆ 5,000 ಹೋಗಿ ಉಳಿಯುವುದು 45,000. ಮಗುವಿಗೆ 375 ರೂಪಾಯಿ. ಶಾಲೆಯು 220 ದಿವಸ ನಡೆಯಬೇಕೆಂದು ಹಿಡಿದರೆ ದಿನಕ್ಕೆ ಮಗುವೊಂದಕ್ಕೆ ಒಂದು ರೂಪಾಯಿ ಎಪ್ಪತ್ತು ಪೈಸೆ. ಇಷ್ಟರಲ್ಲಿಯೇ ಸೀಮೆಸುಣ್ಣವಾಗಬೇಕು, ಹಾಜರಿ ಪುಸ್ತಕವಾಗಬೇಕು, ಕೆಟ್ಟುಹೋದ ನಳವನ್ನು ದುರಸ್ತಿ ಮಾಡಿಸಬೇಕು, ಮುರಿದ ಕಿಟಕಿಯನ್ನು ಕೂಡಿಸಬೇಕು, ಸ್ವಾತಂತ್ರ್ಯ ದಿನದ ಮಿಠಾಯಿಯೂ ಆಗಬೇಕು. ಪಾಠದ ಉಪಕರಣಗಳ ಸರದಿಯು ಎಲ್ಲಕ್ಕೂ ಕೊನೆಗೆ ಬರುತ್ತದೆ. ಎಷ್ಟೋ ಸಲ ಬರುವುದೇ ಇಲ್ಲ.

ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ಮೊದಲು ವಿದ್ಯುತ್ತಿನ ಬಿಲ್ಲೇ ಈ ಹಣದಲ್ಲಿ ಒಂದು ತುತ್ತನ್ನು ನುಂಗುತ್ತಿತ್ತು. 2023ರ ನವೆಂಬರ್ 1ರಂದು ರಾಜ್ಯ ಸರಕಾರವು ತನ್ನ ಶಾಲೆಗಳಿಗೆ ವಿದ್ಯುತ್ತನ್ನೂ ನೀರನ್ನೂ ಬಿಟ್ಟಿಯಾಗಿ ಕೊಡುವುದಾಗಿ ಸಾರಿದ್ದು ಮೆಚ್ಚತಕ್ಕ ಕಾರ್ಯ. ಆದರೆ ತಲೆಯೆಣಿಕೆಯ ನಿಯಮದಲ್ಲಿ ಒಂದು ವಿಚಿತ್ರವಿದೆ. 101 ಮಕ್ಕಳ ಶಾಲೆಗೆ 50,000. 100 ಮಕ್ಕಳ ಶಾಲೆಗೆ 25,000. ಒಂದು ಕುಟುಂಬವು ಗುಳೆ ಹೋಗುವಾಗ ತನ್ನ ಮಗುವನ್ನು ಶಾಲೆಯಿಂದ ಬಿಡಿಸಿಕೊಂಡು ಬೆಂಗಳೂರಿಗೆ ಕರೆದೊಯ್ದರೆ, ಉಳಿದ ನೂರು ಮಕ್ಕಳ ಪಾಲಿನ ಅರ್ಧವು ಅದರೊಂದಿಗೆ ಬಸ್ಸು ಹತ್ತಿ ಹೋಗಬಹುದು! ಹೆಂಚುಗಳು ಕಡಿಮೆಯಾಗಲಿಲ್ಲ, ಕರಿಹಲಗೆ ಚಿಕ್ಕದಾಗಲಿಲ್ಲ; ಕಾಗದದ ಮೇಲಿನ ಒಂದು ಅಂಕಿಯು ಮಾತ್ರ ಬದಲಾಯಿತು.

ಈಗ ಕಾಲದ ವಿಚಾರಕ್ಕೆ ಬರುವೆವು. 2009ರಿಂದೀಚೆಗೆ ದೇಶದ ಅನೇಕ ಜಿಲ್ಲೆಗಳಲ್ಲಿ ನಡೆದ ‘ಪೈಸಾ’ ಎಂಬ ಸಮೀಕ್ಷೆಗಳು ಶಾಲೆಯ ಗ್ರಾಂಟಿನ ಜಾಡನ್ನು ಹಿಡಿದು ಹೋಗಿ, ಹಣವು ವರ್ಷದ ಪೂರ್ವಾರ್ಧದಲ್ಲಿ ಎಷ್ಟೋ ಶಾಲೆಗಳನ್ನು ಮುಟ್ಟುವುದೇ ಇಲ್ಲವೆಂದು ತೋರಿಸಿಕೊಟ್ಟವು. ಆಗ ಹಣವು ಶಾಲೆಯ ಖಾತೆಯಲ್ಲಿಯೇ ಬಂದು ಕೂಡುತ್ತಿತ್ತು. ತಡವಾಗಿ ಬಂದರೂ ಉಳಿದದ್ದು ಮುಂದಿನ ಜೂನಿಗೆ ಒದಗುತ್ತಿತ್ತು. 2021ರ ಜುಲೈ ತಿಂಗಳಿಂದ ಕೇಂದ್ರದ ಹಣಕಾಸಿನ ಖಾತೆಯವರು ಹೊಸ ಪದ್ಧತಿಯನ್ನು ತಂದರು. ಯೋಜನೆಗೊಂದು ಖಾತೆ ರಾಜ್ಯಮಟ್ಟದಲ್ಲಿ ಮಾತ್ರ. ಕೆಳಗಿನವರ ಖಾತೆಗಳಲ್ಲಿ ಶೂನ್ಯವೇ ಇರತಕ್ಕದ್ದು. ಖರ್ಚಿನ ಮಿತಿಯನ್ನು ಮೇಲಿನಿಂದ ತೆರೆದಷ್ಟು ಕಾಲ ಮಾತ್ರ ಹಣವನ್ನು ತೆಗೆಯಬಹುದು. ಬ್ಯಾಂಕುಗಳಲ್ಲಿ ಕೋಟಿಗಟ್ಟಲೆ ಹಣವು ನಿರುಪಯೋಗಿಯಾಗಿ ಬಿದ್ದಿರಬಾರದೆಂಬ ಉದ್ದೇಶವು ಕೆಟ್ಟದ್ದೆಂದು ನಾವು ಹೇಳಲಾರೆವು. ಆದರೆ ದೊಡ್ಡವರ ಕೋಟಿಗಳಿಗೆ ಹಾಕಿದ ಬೀಗವೇ ಹಳ್ಳಿಯ ಶಾಲೆಯ ಹತ್ತು ಸಾವಿರಕ್ಕೂ ಬಿತ್ತು. ಮಿತಿಯು ತೆರೆದಾಗ ಹೆಡ್‌ಮಾಸ್ತರರು ಅಂಗಡಿಯವನಿಂದ ಬಿಲ್ಲನ್ನು ತಂದು, ಗಣಕಯಂತ್ರದಲ್ಲಿ ಏರಿಸಿ, ಸಹಿಗಳನ್ನು ಕೂಡಿಸಿ ಹಣ ಪಾವತಿ ಮಾಡಿಸಬೇಕು. ಒಬ್ಬನೇ ಮಾಸ್ತರನಿರುವ ಶಾಲೆಯಲ್ಲಿ ಮಾಸ್ತರನು ಬಿಲ್ಲಿನ ಬೆನ್ನು ಹತ್ತಿ ಮಾನ್ವಿಗೆ ಹೋದನೆಂದರೆ ಆ ದಿವಸ ಪಾಠಕ್ಕೆ ಸೂಟಿಯೆಂದೇ ತಿಳಿಯಬೇಕು. ಮಾರ್ಚ್ ತಿಂಗಳ ಕೊನೆಗೆ ಮಿತಿಯು ಮುಚ್ಚಿದರೆ ಉಳಿದ ಹಣವು ಬಂದ ದಾರಿಯಿಂದಲೇ ಹಿಂದಿರುಗುವುದು.

ನಮ್ಮ ಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು 69ನೆಯ ಮೈಲಿನಲ್ಲಿ ಎಷ್ಟು ಅಡಿ, 104ನೆಯ ಮೈಲಿನಲ್ಲಿ ಎಷ್ಟು ಅಡಿ ಎಂದು ವರ್ಷ ವರ್ಷವೂ ಅಳೆಯುತ್ತ ಕುಳಿತಿರುವ ಮಾನ್ವಿ, ರಾಯಚೂರುಗಳ ಕೊನೆಭಾಗದ ರೈತರು, ಜಲಾಶಯ ತುಂಬಿತೆಂಬ ಸುದ್ದಿಗೂ ತಮ್ಮ ಗದ್ದೆ ನೆನೆಯುವುದಕ್ಕೂ ಇರುವ ಅಂತರವನ್ನು ಚೆನ್ನಾಗಿ ಬಲ್ಲರು. ಗ್ರಾಂಟಿನ ಕಾಲುವೆಗೂ ಇಂಥದೇ ಒಂದು ಕೊನೆಭಾಗವಿದೆ. ಅಲ್ಲಿ ಕುಳಿತಿರುವವರು ಒಂದನೆಯ ಇಯತ್ತೆಯ ಮಕ್ಕಳು. ಅಕ್ಟೋಬರದಿಂದ ಹತ್ತಿ ಬಿಡಿಸುವ ಕೆಲಸ ಸುರುವಾಗುತ್ತದೆ. ಹಣ ಬಂದು ಸಾಮಾನು ಬರುವ ಹೊತ್ತಿಗೆ ಬಡವರ ಮಕ್ಕಳಲ್ಲಿ ಎಷ್ಟೋ ಮಂದಿ ಹೊಲದಲ್ಲಿರುತ್ತಾರೆ. ಅವರು ತಪ್ಪದೆ ಶಾಲೆಗೆ ಬರುವುದು ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಆಗ ಕಪಾಟು ಬರಿದಾಗಿರುತ್ತದೆ.

ಶಾಲೆ, ಉಪಾಧ್ಯಾಯ, ಸಾಮಗ್ರಿ ಈ ಮೂರನ್ನೂ ಕೂಡಿಯೇ ಯೋಚಿಸಬೇಕೆಂಬ ತಿಳುವಳಿಕೆಯು ಕನ್ನಡ ನಾಡಿಗೆ ಹೊಸದಲ್ಲ. 1868ರಲ್ಲಿ ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸ್‌ರವರು ಹೋಬಳಿ ಶಾಲೆಗಳ ಯೋಜನೆಯನ್ನು ಮುಂದಿಟ್ಟಾಗ ಹೋಬಳಿಗೊಂದು ಶಾಲೆಯೆಂದು ಹೇಳಿ ಸುಮ್ಮನಾಗಲಿಲ್ಲ. ಅವುಗಳ ಉಪಾಧ್ಯಾಯರಿಗೆ ನಾರ್ಮಲ್ ಶಾಲೆಯಲ್ಲಿ ತರಬೇತಾಗಬೇಕೆಂಬುದೂ ಅದರಲ್ಲಿಯೇ ಅಡಕವಾಗಿತ್ತು. ಧಾರವಾಡದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ನಾರ್ಮಲ್ ಶಾಲೆಯನ್ನು ಕಟ್ಟಿ ಬೆಳೆಯಿಸಿ, ಅಲ್ಲಿಂದ ಕನ್ನಡ ಮಾಸ್ತರರನ್ನು ಹಳ್ಳಿಹಳ್ಳಿಗೆ ಕಳುಹಿಸಿಕೊಟ್ಟ ಸಂಗತಿಯು ಪ್ರಸಿದ್ಧವಾಗಿದೆ. ನಮ್ಮ ದೋಆಬು ಮಾತ್ರ ಆ ಎರಡೂ ಮಡಿಲುಗಳಿಗೆ ಹೊರಗಾಯಿತು. 1853ರಿಂದ 1860ರವರೆಗೆ ಏಳು ವರ್ಷ ಇಂಗ್ಲಿಷರ ಕೈಯಲ್ಲಿದ್ದು, ಅನಂತರ ಮತ್ತೆ ನಿಜಾಮರ ವಶವಾಗಿ 1948ರ ಸಪ್ಟೆಂಬರದವರೆಗೂ ಅಲ್ಲಿಯೇ ಉಳಿಯಿತು. ಆ ಆಳಿಕೆಯಲ್ಲಿ ಕನ್ನಡ ಮಗುವಿಗೆ ಕನ್ನಡದಲ್ಲಿ ಪಾಠವೆಂಬುದು ದುರ್ಲಭವಾದ ಭಾಗ್ಯ. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿದ್ದು ಸರಕಾರದ ಗ್ರಾಂಟನ್ನು ನಂಬಿಕೊಂಡಲ್ಲ. ಊರವರ ಔದಾರ್ಯವನ್ನು ನಂಬಿ. ಇಂದು ಸರಕಾರವು ನಮ್ಮದು, ಭಾಷೆಯು ನಮ್ಮದು. ಆದುದರಿಂದಲೇ ನಮ್ಮ ದೂರು ಹೆಚ್ಚು ಕಠಿಣವಾಗಿದೆ.

1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆಯು ಪ್ರಾರಂಭವಾದಾಗ ರಾಜ್ಯದಲ್ಲಿ ಮೊದಲು ಆರಿಸಿದ ನಾಲ್ಕು ಜಿಲ್ಲೆಗಳು ಬೆಳಗಾಂವಿ, ಕೋಲಾರ, ಮಂಡ್ಯ ಮತ್ತು ರಾಯಚೂರು. ಆ ಯೋಜನೆಯಲ್ಲಿ ಒಂದು ಚಿಕ್ಕ ಏರ್ಪಾಟಿತ್ತು. ಕಲಿಸುವ ಸಾಮಗ್ರಿಗಾಗಿ ಪ್ರತಿಯೊಬ್ಬ ಉಪಾಧ್ಯಾಯನಿಗೂ ವರ್ಷಕ್ಕೆ 500 ರೂಪಾಯಿ. 2001ರ ನಂತರ ಸರ್ವಶಿಕ್ಷಣ ಅಭಿಯಾನವೂ ಅದನ್ನು ಮುಂದುವರಿಸಿತು. ಐನೂರು ರೂಪಾಯಿಯು ಏನು ಮಹಾ ಎಂದು ಕೇಳುವವರಿರಬಹುದು. ಆ ಐನೂರರಿಂದ ರಟ್ಟು, ಬಣ್ಣ, ಅಂಟು, ದಾರಗಳನ್ನು ಕೊಂಡು, ಹುಣಿಸೆಯ ಬೀಜಗಳಿಂದ ಕೂಡುವುದನ್ನೂ ಒಡೆದ ಬಳೆಗಳಿಂದ ಗುಣಿಸುವುದನ್ನೂ ಕಲಿಸಿದ ಮಾಸ್ತರರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದರ ಬೆಲೆಯು ಮೊತ್ತದಲ್ಲಿರಲಿಲ್ಲ. ತನ್ನ ತರಗತಿಗೆ ಏನು ಬೇಕೆಂಬುದನ್ನು ಮಾಸ್ತರನೇ ನಿಶ್ಚಯಿಸಬಹುದೆಂಬ ನಂಬಿಗೆಯು ಆ ಹಣದಲ್ಲಿತ್ತು. ಕಾಲಕ್ರಮದಲ್ಲಿ ಆ ಏರ್ಪಾಟು ನಿಂತುಹೋಗಿ ಎಲ್ಲವೂ ಒಂದೇ ಸಂಯುಕ್ತ ಗ್ರಾಂಟಿನಲ್ಲಿ ಕರಗಿತು. ಹಿಂದೆ ಮಾಸ್ತರನ ಕೈಗೆ ಬರುತ್ತಿದ್ದುದು ಈಗ ನಳದ ದುರಸ್ತಿಗೆ ಹೋಗುತ್ತದೆ.

ನಂಬಿಗೆಯಿಲ್ಲದ ಕಡೆ ಸಾಮಾನು ಇದ್ದರೂ ವ್ಯರ್ಥವೇ. ನಾವು ಚಿಕ್ಕಂದಿನಲ್ಲಿ ಕಲಿತ ಪಾಠಶಾಲೆಯೊಂದರಲ್ಲಿ ಭೂಗೋಲದ ಒಂದು ಗೋಲವಿತ್ತು. ಅದು ಕಬ್ಬಿಣದ ಟ್ರಂಕಿನಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿತ್ತು. ಇನ್‌ಸ್ಪೆಕ್ಟರ ಸಾಹೇಬರು ಬಂದ ದಿನ ಮೇಜಿನ ಮೇಲೆ ಏರುತ್ತಿತ್ತು. ಅವರು ಬೆನ್ನು ತಿರುಗಿಸಿದೊಡನೆ ಇಳಿಯುತ್ತಿತ್ತು. ಭೂಮಿಯು ಗುಂಡಗಿದೆಯೆಂಬುದನ್ನು ನಾವು ಬಾಯಿಪಾಠದಿಂದಲೇ ನಂಬಿದೆವು. ಗುರುಗಳನ್ನು ದೂರಿ ಫಲವಿಲ್ಲ. ಗೋಲವು ಡೆಡ್‌ಸ್ಟಾಕ್ ರಿಜಿಸ್ಟರಿನಲ್ಲಿ ದಾಖಲಾಗಿತ್ತು. ಮಕ್ಕಳ ಕೈಯಲ್ಲಿ ಮುರಿದಿದ್ದರೆ ಅವರ ಸಂಬಳದಿಂದ ಮುರಿಯುತ್ತಿದ್ದರು, ಅಥವಾ ಹಾಗೆಂದು ಅವರು ಅಂಜಿಕೊಂಡಿದ್ದರು. 1987ರ ಕರಿಹಲಗೆ ಕಾರ್ಯಾಚರಣೆಯಲ್ಲಿ ಶಾಲೆಗಳಿಗೆ ಬಂದ ಎಷ್ಟೋ ವಿಜ್ಞಾನದ ಪೆಟ್ಟಿಗೆಗಳು ಹೀಗೆಯೇ ಬೀಗದೊಳಗೆ ಮುಪ್ಪಾದುವು. ಸವೆಯುವುದಕ್ಕಾಗಿಯೇ ಇರುವ ವಸ್ತುವನ್ನು ಸವೆಯದಂತೆ ಕಾಯುವ ಲೆಕ್ಕಪದ್ಧತಿಯು ಶಾಲೆಗೆ ಸಲ್ಲದು. ಇಂತಿಷ್ಟು ಸಾಮಗ್ರಿಯು ವರ್ಷದಲ್ಲಿ ಮುರಿಯುವುದು ಸಹಜವೆಂದು ಒಪ್ಪಿ, ಅದನ್ನು ವಜಾ ಮಾಡುವ ಅಧಿಕಾರವನ್ನು ಹೆಡ್‌ಮಾಸ್ತರರಿಗೆ ಕೊಡದ ಹೊರತು ಹೊಸ ಗ್ರಾಂಟುಗಳೂ ಟ್ರಂಕನ್ನೇ ಸೇರುವುವು.

ಇನ್ನು ತರಬೇತಿನ ಮಾತು. ಯರಮರಸಿನಲ್ಲಿ ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆಯಿದೆ. ತಾಲೂಕಿಗೊಂದು ಸಂಪನ್ಮೂಲ ಕೇಂದ್ರವೂ ಅದರ ಕೆಳಗೆ ಹಳ್ಳಿಗಳ ಗುಂಪಿಗೊಂದು ಸಮೂಹ ಕೇಂದ್ರವೂ ಇವೆ. ರಾಜ್ಯದ ‘ಗುರುಚೇತನ’, 2019ರಲ್ಲಿ ಕೇಂದ್ರವು ಆರಂಭಿಸಿದ ‘ನಿಷ್ಠಾ’ ಮೊದಲಾದ ಹೆಸರುಗಳಿಗೇನೂ ಕೊರತೆಯಿಲ್ಲ. ಕೊರತೆಯಿರುವುದು ಶಾಲೆಯಲ್ಲಿ ನಿಲ್ಲುವ ಮಾಸ್ತರರದು. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಸ್ಥಾನಗಳಿಗೆ ಅರ್ಜಿ ಕರೆದಾಗ 5,000ವನ್ನು ನಮ್ಮ ಭಾಗಕ್ಕೆ ಮೀಸಲಿಟ್ಟರು. ವಿಷಯವು ನ್ಯಾಯಾಲಯದ ಮೆಟ್ಟಿಲೇರಿ, ನೇಮಕದ ಆಜ್ಞೆಗಳು 2023ರ ಕೊನೆಯವರೆಗೂ ಎಳೆದುವು. ಈ ನಡುವೆ ತರಗತಿಗಳನ್ನು ಹಿಡಿದು ನಿಲ್ಲಿಸಿದವರು ಅತಿಥಿ ಶಿಕ್ಷಕರು. ಇವರು ಹೆಸರಿಗೆ ಅತಿಥಿಗಳು. ಅತಿಥಿಯ ಸತ್ಕಾರವೇನೋ ತಿಂಗಳಿಗೆ 10,000 ರೂಪಾಯಿ, 2025ರ ಮುಂಗಡಪತ್ರದಲ್ಲಿ ಅದಕ್ಕೆ 2,000 ಕೂಡಿಸಲಾಯಿತು. ಸೂಟಿಯ ತಿಂಗಳುಗಳಿಗೆ ಅದೂ ಇಲ್ಲ. ತರಬೇತಿಗೆ ಕರೆ ಬರುವುದು ಸಾಮಾನ್ಯವಾಗಿ ಖಾಯಂ ಶಿಕ್ಷಕರಿಗೆ. ಅವರು ಕಲಿತು ಬಂದ ಮೇಲೆ ವರ್ಗಾವಣೆಯ ಕಾಲದಲ್ಲಿ ಬೇರೆ ತಾಲೂಕಿಗೆ ಹೊರಡುತ್ತಾರೆ. ಊರಿನಲ್ಲಿಯೇ ಹುಟ್ಟಿ ಬೆಳೆದು, ಊರಿನ ಮಗುವಿನ ಮಾತನ್ನೂ ಅದರ ತಂದೆತಾಯಿಗಳ ಕಷ್ಟವನ್ನೂ ಬಲ್ಲ ತರುಣಿಯೊಬ್ಬಳು ಐದಾರು ವರ್ಷ ಅತಿಥಿಯಾಗಿಯೇ ಕಲಿಸುತ್ತಿದ್ದರೂ ಅವಳಿಗೆ ಒಂದು ವಾರದ ತರಬೇತೂ ದೊರೆಯದೆ ಹೋಗಬಹುದು. ನಲಿ-ಕಲಿಯ ಕಾರ್ಡುಗಳು ಅವಳ ಕೈಗೆ ಬರುತ್ತವೆ. ಅವುಗಳನ್ನು ಯಾವ ಕ್ರಮದಲ್ಲಿ ಹಿಡಿಯಬೇಕೆಂದು ಹೇಳುವವರು ಬರುವುದಿಲ್ಲ. ಸಾಮಗ್ರಿಯ ಗ್ರಾಂಟನ್ನೂ ತರಬೇತಿನ ಗ್ರಾಂಟನ್ನೂ ಬೇರೆ ಬೇರೆ ಮೇಜುಗಳಲ್ಲಿ ಬರೆಯುವುದರ ಫಲವಿದು.

ಹಣವಿಲ್ಲವೆಂದು ಹೇಳುವಂತಿಲ್ಲ. ಸಂವಿಧಾನದ 371ನೆಯ ಜೆ ಅನುಚ್ಛೇದದ ಮೇರೆಗೆ 2013ರಲ್ಲಿ ರಚಿತವಾಗಿ, 2019ರಿಂದ ಕಲ್ಯಾಣ ಕರ್ನಾಟಕದ ಹೆಸರನ್ನು ಹೊತ್ತಿರುವ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ನೆಯ ಸಾಲಿನಲ್ಲಿ 5,000 ಕೋಟಿ ರೂಪಾಯಿಗಳನ್ನು ಘೋಷಿಸಲಾಯಿತು. ತನ್ನ ಹಣದ ಕಾಲುಭಾಗವನ್ನು ‘ಅಕ್ಷರ ಆವಿಷ್ಕಾರ’ವೆಂಬ ಹೆಸರಿನಿಂದ ವಿದ್ಯೆಗೆ ಮೀಸಲಿಡುವೆನೆಂದು ಮಂಡಳಿಯು ನಿರ್ಣಯಿಸಿದ್ದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಅತಿಥಿ ಶಿಕ್ಷಕರ ನೇಮಕಕ್ಕೂ ಅದರಿಂದ ನೆರವು ದೊರೆತಿದೆ. ಆದರೆ ಮಂಡಳಿಯ ಹಣವು ಎಲ್ಲಿ ಹರಿದರೂ ಮೊದಲು ಸಿಮೆಂಟಿನ ಕಡೆಗೇ ಓಲುವ ಅಭ್ಯಾಸವನ್ನು ಈ ಭಾಗದ ಜನರು ಬಲ್ಲರು. ಕೋಣೆಗೆ ಶಂಕುಸ್ಥಾಪನೆಯಿದೆ, ಹೂಮಾಲೆಯಿದೆ, ಕಲ್ಲಿನ ಮೇಲೆ ಹೆಸರುಗಳಿವೆ. ಅಕ್ಷರದ ಚೀಟಿಗೆ ಯಾರೂ ಟೇಪು ಕತ್ತರಿಸುವುದಿಲ್ಲ. ಹತ್ತನೆಯ ಇಯತ್ತೆಯ ಪರೀಕ್ಷೆಯಲ್ಲಿ 2024ರಲ್ಲಿ ರಾಜ್ಯದ ಕೊನೆಯ ಸ್ಥಾನವು ಯಾದಗಿರಿಯದು, ನೂರಕ್ಕೆ 50.59, 2025ರಲ್ಲಿ ಕಲಬುರಗಿಯದು, 42.43. ಫಲಿತಾಂಶ ಬಂದ ವಾರದಲ್ಲಿ ಸಭೆಗಳಾಗುತ್ತವೆ, ನೋಟೀಸುಗಳು ಹೋಗುತ್ತವೆ, ಹತ್ತನೆಯ ಇಯತ್ತೆಯ ಮಕ್ಕಳನ್ನು ರಾತ್ರಿ ಕೂಡಿಸಿ ಓದಿಸುವ ಆಜ್ಞೆಗಳು ಹೊರಡುತ್ತವೆ. ಆ ಮಕ್ಕಳು ಹತ್ತು ವರ್ಷಗಳ ಹಿಂದೆ ಒಂದನೆಯ ಇಯತ್ತೆಯಲ್ಲಿ ಕುಳಿತಿದ್ದಾಗ ಅವರ ಮುಂದೆ ಏನಿತ್ತು, ಯಾರಿದ್ದರು ಎಂದು ಕೇಳುವವರನ್ನು ನಾವು ಆ ಸಭೆಗಳಲ್ಲಿ ಕಾಣೆವು.

ಹಳ್ಳಿಯವರ ಕೈಗೆ ಹಣ ಕೊಟ್ಟರೆ ಅದು ಮಾಯವಾಗುವುದೆಂದು ಅಧಿಕಾರಿಗಳಲ್ಲಿ ಕೆಲವರು ವಾದಿಸುತ್ತಾರೆ. ಈ ವಾದವನ್ನು ನಾವು ಪೂರ್ಣವಾಗಿ ತಳ್ಳಿಹಾಕುವುದಿಲ್ಲ. ಹಣ ಮಾಯವಾದ ಉದಾಹರಣೆಗಳು ಹಳ್ಳಿಯಲ್ಲಿಯೂ ಇವೆ, ರಾಜಧಾನಿಯಲ್ಲಿಯೂ ಇವೆ, ಹಳ್ಳಿಯಲ್ಲಿ ಮಾಯವಾಗುವ ಮೊತ್ತವು ಮಾತ್ರ ಚಿಕ್ಕದು. ರಾಜಾ ರಾಮಣ್ಣನವರ ಕಾರ್ಯಪಡೆಯ ಸೂಚನೆಯಂತೆ 2001ರಲ್ಲಿ ಶಾಲೆಶಾಲೆಗೂ ಪಾಲಕರ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಮಾಡಿದ್ದು ಮತ್ತೇತಕ್ಕೆ? ಸಮಿತಿಯ ಸದಸ್ಯರನ್ನು ಧ್ವಜಾರೋಹಣದ ದಿನ ಕುರ್ಚಿಯ ಮೇಲೆ ಕೂಡಿಸಿ, ಬಿಲ್ಲಿನ ದಿನ ಹೆಬ್ಬೆಟ್ಟು ಒತ್ತಿಸಿಕೊಂಡರೆ ಮೇಲುಸ್ತುವಾರಿಯಾಗುವುದಿಲ್ಲ. ಇಷ್ಟು ಹಣ ಬಂದಿತು, ಇಂಥ ತಾರೀಖಿಗೆ ಬಂದಿತು, ಇಂಥದನ್ನು ಕೊಂಡೆವು ಎಂದು ಶಾಲೆಯ ಹೊರಗೋಡೆಯ ಮೇಲೆ ಸುಣ್ಣದಲ್ಲಿ ಬರೆಯಿಸಿದರೆ, ಓದಬಲ್ಲವನು ಓದದವನಿಗೆ ಹೇಳುವನು.

ಸರಕಾರವು ಮಾಡಬೇಕಾದುದು ಅಸಾಧ್ಯವಾದದ್ದೇನಲ್ಲ. ಸಂಯುಕ್ತ ಗ್ರಾಂಟಿನ ಪೂರ್ಣ ಮಿತಿಯನ್ನು ಮೇ ತಿಂಗಳ ಕೊನೆಯ ವಾರದಲ್ಲಿಯೇ ತೆರೆದಿಡಬೇಕು. ಕೇಂದ್ರದ ಕಂತು ತಡವಾದರೆ ರಾಜ್ಯವು ತನ್ನ ಪಾಲಿನ ನಲವತ್ತನ್ನು ಮುಂಗಡವಾಗಿ ಬಿಡುಗಡೆ ಮಾಡಲಿ. ಅದಕ್ಕೂ ಕೈಗಟ್ಟಿಯಾದರೆ ನಮ್ಮ ಏಳು ಜಿಲ್ಲೆಗಳ ಮಟ್ಟಿಗೆ ಮಂಡಳಿಯು ಸಾಲವಾಗಿ ಕೊಟ್ಟು ಅನಂತರ ವಸೂಲು ಮಾಡಿಕೊಳ್ಳಲಿ. ಮಾರ್ಚಿಯಲ್ಲಿ ಉಳಿದದ್ದನ್ನು ಕಸಿದುಕೊಳ್ಳದೆ ಜೂನ್ ಕೊನೆಯವರೆಗೆ ವೆಚ್ಚಕ್ಕೆ ಅವಕಾಶವಿರಲಿ. ಮಾಸ್ತರನ ಹೆಸರಿನ ಐನೂರನ್ನು ಈಗಿನ ಬೆಲೆಗೆ ತಕ್ಕಂತೆ ಎರಡು ಸಾವಿರಕ್ಕಾದರೂ ಏರಿಸಿ, ಅತಿಥಿ ಶಿಕ್ಷಕರನ್ನೂ ಸೇರಿಸಿಕೊಂಡು ಮತ್ತೆ ಪ್ರಾರಂಭಿಸಬೇಕು. ಅತಿಥಿ ಶಿಕ್ಷಕರ ನೇಮಕವನ್ನು ಮೇ ತಿಂಗಳ ಮಧ್ಯಕ್ಕೆ ಮುಗಿಸಿ, ಶಾಲೆ ತೆರೆಯುವ ಮೊದಲಿನ ಹತ್ತು ದಿವಸ ಅವರ ಸಮೂಹ ಕೇಂದ್ರದಲ್ಲಿಯೇ, ಅವರು ಬಳಸತಕ್ಕ ಕಾರ್ಡು, ಪುಸ್ತಕಗಳನ್ನೇ ಮುಂದಿಟ್ಟುಕೊಂಡು ತರಬೇತು ಕೊಡಬೇಕು. ಆ ಹತ್ತು ದಿವಸಗಳ ಸಂಬಳವನ್ನೂ ಕೊಡಬೇಕು.

ಈ ವಿಷಯದಲ್ಲಿ ನಮ್ಮ ವಾಚಕರಿಂದಲೂ ಒಂದು ಸಹಾಯವನ್ನು ಬೇಡುತ್ತೇವೆ. ಕುರ್ಡಿ ಹೋಬಳಿಯವರೂ, ಮಾನ್ವಿ, ದೇವದುರ್ಗ, ರಾಯಚೂರು ತಾಲೂಕುಗಳ ಇತರ ಗ್ರಾಮಸ್ಥರೂ ತಮ್ಮ ಊರಿನ ಶಾಲೆಗೆ ಈ ಸಲದ ಗ್ರಾಂಟು ಎಷ್ಟು, ಯಾವ ತಾರೀಖಿಗೆ ಬಂದಿತು, ಅದರಿಂದ ಮೊದಲು ಕೊಂಡ ವಸ್ತು ಯಾವುದು ಎಂದು ಸಮಿತಿಯ ಸದಸ್ಯರಿಂದ ಕೇಳಿ ತಿಳಿದು ನಮಗೆ ಬರೆಯಲಿ. ಅಂಚೆಯ ಕಾರ್ಡಿನಲ್ಲಿ ಮೂರು ಸಾಲು ಸಾಕು. ಬರುವ ಜೂನ್ 15ರಿಂದ ಅವುಗಳನ್ನು ಊರಿನ ಹೆಸರು ಮತ್ತು ತಾರೀಖುಗಳೊಂದಿಗೆ ಈ ಪುಟದಲ್ಲಿಯೇ ಒಂದರ ಕೆಳಗೊಂದಾಗಿ ಅಚ್ಚು ಮಾಡುವೆವು. ಹೆಡ್‌ಮಾಸ್ತರರ ಹೆಸರನ್ನು ಬರೆಯುವ ಅವಶ್ಯಕತೆಯಿಲ್ಲ.